ಬೇಗ ಒಡೆಯುವುದಕ್ಕೇ ಹೆಚ್ಚು ಚಿತ್ತಾರ

ಉತ್ತರ ಕರ್ನಾಟಕದ ಮದುವೆಗಳಲ್ಲಿ ಐರಾಣಿ ತರುವ ಶಾಸ್ತ್ರವಿದೆ. ಮುತ್ತೈದೆಯರು ವಾದ್ಯದ ಜೊತೆ ಕುಂಬಾರರ ಮನೆಗೆ ಹೋಗಿ, ಅಕ್ಕಿ, ಬೇಳೆ, ಎಲೆ ಅಡಿಕೆ ಕೊಟ್ಟು, ಬಣ್ಣ ಬರೆದ ಗಡಿಗೆಗಳನ್ನು ತಂದು ಹಂದರದಲ್ಲೋ ದೇವರ ಮುಂದೋ ಇಡುತ್ತಾರೆ. ಹಳೆ ಮೈಸೂರಿನ ಕಡೆ ಇದೇ ಅರಿವೇಣಿ. ಮೈಗೆಲ್ಲ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಗೆರೆ ಮತ್ತು ಚುಕ್ಕೆ. ವಿನ್ಯಾಸ ಊರಿಂದೂರಿಗೆ ಬೇರೆಯಾದರೂ ಕ್ರಮ ಹೆಚ್ಚುಕಡಿಮೆ ಒಂದೇ. ಈ ಗಡಿಗೆಯಲ್ಲಿ ದಿನದ ಅಡುಗೆ ಬೇಯುವುದಿಲ್ಲ, ಬಾವಿಯ ನೀರು ಬರುವುದಿಲ್ಲ. ಮದುವೆ ಮುಗಿದರೆ ಅದರ ಕೆಲಸವೂ ಮುಗಿಯಿತು. ಅದೇ ಕುಂಬಾರ ಅದೇ ಮಣ್ಣಿನಿಂದ ಮಾಡಿದ ಕಾಳಿನ ವಾಡೆ ವರ್ಷಗಟ್ಟಲೆ ಬಾಳುತ್ತದೆ. ಅದಕ್ಕೆ ಸಿಕ್ಕ ಅಲಂಕಾರ ಹೆಚ್ಚೆಂದರೆ ಕೊರಳ ಸುತ್ತ ಬೆರಳಲ್ಲಿ ಒತ್ತಿದ ಒಂದು ಮಣ್ಣಿನ ಪಟ್ಟಿ.

ತೇಗದ ಬಾಗಿಲಿಗೆ, ಹಿತ್ತಾಳೆಯ ದೀಪಕ್ಕೆ, ಕಲ್ಲಿನ ಕಂಬಕ್ಕೆ ಕುಸುರಿ ಕೆಲಸ ಮಾಡಿಸುವಾಗ ನಮ್ಮ ಲೆಕ್ಕಾಚಾರ ಸರಳ: ಬಹುಕಾಲ ಉಳಿಯುವ ವಸ್ತು, ಕೈಕೆಲಸ ವ್ಯರ್ಥವಾಗುವುದಿಲ್ಲ. ಹಳ್ಳಿಯ ಮಡಕೆಯಲ್ಲಿ ಈ ಲೆಕ್ಕ ತಲೆಕೆಳಗು. ದಿನವೂ ಕೈಗೆ ಬರುವ, ಒಲೆ ಏರುವ, ತಲೆಯ ಮೇಲೆ ಸಾಗುವ ಪಾತ್ರೆ ಬೋಳು ಬೋಳು. ನಾಲ್ಕು ದಿನಕ್ಕೆ ಬೇಕಾದದ್ದು, ಹೊಳೆಗೆ ಬಿಡುವಂಥದ್ದು, ಬನದಲ್ಲಿ ಇಟ್ಟು ಬರುವಂಥದ್ದು ಸಿಂಗಾರದಿಂದ ತುಂಬಿರುತ್ತದೆ. ಈ ಉಪಖಂಡದ ಕುಂಬಾರಿಕೆಯನ್ನು ಬೇರೆ ಬೇರೆ ಕಡೆಗಳಿಂದ ನೋಡಿದವರ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಾಣುವ ಮುಖ್ಯ ಸಂಗತಿ ಇದೇ. ಆದರೆ ಅಲಂಕಾರ ಎಂಬ ತಲೆಬರಹದ ಅಡಿ ಬರೆದವರು ಇದನ್ನು ಬದಿಗಿಟ್ಟು ಮಾದರಿಗಳ ಪಟ್ಟಿ ಮಾಡುವುದೇ ಹೆಚ್ಚು.

ಬರಹಗಳಿಗೇನೂ ಕೊರತೆಯಿಲ್ಲ. ಬೈದ್ಯನಾಥ ಸರಸ್ವತಿ ಮತ್ತು ಎನ್. ಕೆ. ಬೆಹುರಾ ಅವರು ಭಾರತದ ಗ್ರಾಮೀಣ ಕುಂಬಾರಿಕೆಯ ತಂತ್ರಗಳ ಸಮೀಕ್ಷೆಯನ್ನು 1966ರಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಮೂಲಕ ಹೊರತಂದರು. ಚಕ್ರದ ಬಗೆ, ತಟ್ಟುವ ಬಗೆ, ಸುಡುವ ಬಗೆಗಳನ್ನು ಪ್ರದೇಶವಾರು ವಿಂಗಡಿಸಿದ ಆ ಕೆಲಸ ಇಂದಿಗೂ ಅಡಿಪಾಯ. ಪುಪುಲ್ ಜಯಕರ್ 1980ರ ‘ದಿ ಅರ್ಥನ್ ಡ್ರಮ್’ನಲ್ಲಿ ಗ್ರಾಮೀಣ ಕಲೆಯನ್ನು ವ್ರತ, ಮಾತೃದೇವತೆ, ಋತುಗಳ ಜೊತೆ ಹೆಣೆದರು. ಗುಜರಾತಿನ ಹಕು ಶಾ ಹರಕೆಯ ಮಣ್ಣಿನ ಮೂರ್ತಿಗಳ ಬೆನ್ನು ಹತ್ತಿದರು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಡೇನಿಯಲ್ ಮಿಲ್ಲರ್ ಅವರ 1985ರ ಪುಸ್ತಕ. ಮಧ್ಯಪ್ರದೇಶದ ಮಾಳ್ವಾ ಸೀಮೆಯ ಡಂಗವಾಡಾ ಎಂಬ ಒಂದೇ ಹಳ್ಳಿಯ ಮಡಕೆಗಳನ್ನು ಎದುರಿಗಿಟ್ಟುಕೊಂಡು, ಯಾವ ಆಕಾರ ಯಾವ ಜಾತಿಯ ಮನೆಗೆ, ಯಾವ ಬಣ್ಣ ಯಾವ ಕೆಲಸಕ್ಕೆ, ಯಾವ ಚಿತ್ರ ಯಾವ ಹಬ್ಬಕ್ಕೆ ಎಂದು ಅವರು ಪಟ್ಟು ಹಿಡಿದು ಕೇಳಿದರು. ದೇಶವನ್ನೆಲ್ಲ ಸುತ್ತಿದವರಿಗೆ ಕಾಣದ್ದು ಒಂದೇ ಊರಲ್ಲಿ ಕೂತವರಿಗೆ ಕಂಡಿತು: ಪಾತ್ರೆಗಳ ನಡುವಿನ ವ್ಯತ್ಯಾಸ ಅಡುಗೆಮನೆಯ ಅಗತ್ಯಕ್ಕಿಂತ ಬಹಳ ಹೆಚ್ಚು, ಆ ಹೆಚ್ಚುವರಿಯೆಲ್ಲ ಸಮಾಜದ ಲೆಕ್ಕಕ್ಕೆ ಸೇರಿದ್ದು.

ಅಲಂಕಾರದಲ್ಲಿ ಎರಡು ಜಾತಿ. ಒಂದು, ಮಾಡುವ ಕೆಲಸದಲ್ಲೇ ಹುಟ್ಟುವಂಥದ್ದು. ಇನ್ನೊಂದು, ಮಾಡಿ ಮುಗಿದ ಮೇಲೆ ಹಚ್ಚುವಂಥದ್ದು. ದಿನಬಳಕೆಯ ಮಡಕೆಯಲ್ಲಿ ಇರುವುದು ಬಹುತೇಕ ಮೊದಲನೆಯದು, ಅದನ್ನು ಅಲಂಕಾರವೆಂದು ಕುಂಬಾರನೇ ಒಪ್ಪದಿರಬಹುದು.

ದಕ್ಷಿಣದ ದೊಡ್ಡ ಮಡಕೆ ತಿಗರಿಯ ಮೇಲೆ ಪೂರ್ತಿಯಾಗುವುದಿಲ್ಲ. ತಿಗರಿಯಲ್ಲಿ ಏಳುವುದು ಬಾಯಿ, ಕೊರಳು ಮತ್ತು ದಪ್ಪ ಗೋಡೆಯ ಒಂದು ಕೊಳವೆ. ಎಷ್ಟೋ ಕಡೆ ತಳವೇ ಇರುವುದಿಲ್ಲ. ಅದನ್ನು ದಾರದಿಂದ ಕತ್ತರಿಸಿ, ನೆರಳಲ್ಲಿ ತುಸು ಬಿಗಿಯಾಗಲು ಬಿಟ್ಟು, ಒಳಗೆ ಎಡಗೈಯಲ್ಲಿ ಗುಂಡುಕಲ್ಲು ಅಥವಾ ಸುಟ್ಟ ಮಣ್ಣಿನ ಗುಂಡು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾರೆ. ತಟ್ಟಿದಷ್ಟೂ ಗೋಡೆ ತೆಳುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ತೆರೆದ ತಳ ಕೂಡಿಕೊಳ್ಳುತ್ತದೆ. ಕುಂಬಾರ ಗುಂಡಯ್ಯ ಮಡಕೆ ಬಡಿಯುವ ತಾಳಕ್ಕೆ ಶಿವನೇ ಕುಣಿದನೆಂಬ ಕಥೆ ಹರಿಹರನ ರಗಳೆಯಲ್ಲಿ ಬರುವುದು ಈ ಸದ್ದನ್ನು ಕೇಳಿ ಬೆಳೆದ ನಾಡಿನಲ್ಲಿ ಮಾತ್ರ ಸಾಧ್ಯ. ಚಕ್ರ ಸದ್ದು ಮಾಡುವುದಿಲ್ಲ, ಹಲಗೆ ಮಾಡುತ್ತದೆ.

ಈ ಹಲಗೆಯೇ ಮೊದಲ ಚಿತ್ರಕಾರ. ನುಣುಪಾದ ಹಲಗೆ ಬಡಿದರೆ ಮೈ ತುಂಬ ಸಣ್ಣ ಸಣ್ಣ ಮಟ್ಟಸ ಮುಖಗಳು ಉಳಿಯುತ್ತವೆ. ಹಲಗೆಗೆ ಗೀರು ಕೆತ್ತಿದರೆ ಅಥವಾ ಹುರಿ ಸುತ್ತಿದರೆ ಅದರ ಅಚ್ಚು ಮಡಕೆಗೆ ಬೀಳುತ್ತದೆ. ಒದ್ದೆ ಕೈಯಲ್ಲಿ ಹಿಡಿದರೂ ಜಾರದಂಥ ಒರಟು ಮೈ ಕೊಡುತ್ತದೆಂಬುದು ಇದರ ಮೊದಲ ಲಾಭ. ಕಣ್ಣಿಗೂ ಚೆಂದ ಎನ್ನುವುದು ಆಮೇಲಿನದು. ಗಂಗಾ ಬಯಲಿನ ಅಂಚಿನ ಕೋಲ್ಡಿಹವಾ, ಮಹಗಡಾದಂಥ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಹುರಿಯಚ್ಚಿನ ಮಡಕೆ ಚೂರುಗಳ ಮೇಲಿನ ವಿನ್ಯಾಸ ಹುಟ್ಟಿದ್ದೂ ಹೀಗೆಯೇ.

ಕೊರಳ ಕೆಳಗಿನ ಪಟ್ಟಿಯೂ ಅಂಥದೇ. ತಿಗರಿಯಲ್ಲಿ ಎದ್ದ ಮೇಲ್ಭಾಗ ಮತ್ತು ಹಲಗೆಯಲ್ಲಿ ಹಿಗ್ಗಿದ ಕೆಳಭಾಗ ಕೂಡುವ ಜಾಗ ಮಡಕೆಯ ಭುಜ. ಅಲ್ಲಿ ಗುರುತು ಉಳಿಯುತ್ತದೆ, ಬಿರುಕಿಗೂ ಅದೇ ಜಾಗ ಅನುಕೂಲ. ಅಲ್ಲೊಂದು ಮಣ್ಣಿನ ಎಳೆ ಸುತ್ತಿ ಬೆರಳಿಂದ ಒತ್ತಿಕೊಂಡು ಹೋದರೆ ಹುರಿ ಸುತ್ತಿದ ಹಾಗೆ ಕಾಣುತ್ತದೆ, ಬೆಸುಗೆಯೂ ಗಟ್ಟಿಯಾಗುತ್ತದೆ. ದೊಡ್ಡ ವಾಡೆ, ಬಾನಿ, ಗುಡಾಣಗಳಲ್ಲಿ ಇಂಥ ಎರಡು ಮೂರು ಸುತ್ತು ಇರುವುದಕ್ಕೆ ಕಾರಣ ಅವನ್ನು ಮಣ್ಣಿನ ಸುರುಳಿಗಳಿಂದ ಹಂತ ಹಂತವಾಗಿ ಕಟ್ಟುವುದು. ಪ್ರತಿ ಹಂತದ ಬೆಸುಗೆಯ ಮೇಲೊಂದು ಪಟ್ಟಿ. ಕಲಾವಿಮರ್ಶಕರು ಇದನ್ನು ಹುರಿ ವಿನ್ಯಾಸ ಎಂದು ಕರೆದು, ಹಿಂದೆ ಮಡಕೆಗೆ ನಿಜವಾದ ಹಗ್ಗ ಕಟ್ಟುತ್ತಿದ್ದುದರ ನೆನಪು ಎಂದು ವ್ಯಾಖ್ಯಾನಿಸುವುದುಂಟು. ಇರಬಹುದು. ಹಸಿ ಮಡಕೆಯ ಹೊಟ್ಟೆ ಕುಸಿಯದಂತೆ ಹಗ್ಗ ಬಿಗಿಯುವ ರೂಢಿ ಲೋಕದ ಅನೇಕ ಕಡೆ ಇದೆ. ಆದರೂ ಬೆರಳಿಗೆ ಗೊತ್ತಿರುವ ಕೆಲಸಕ್ಕೆ ನೆನಪಿನ ಸಾಕ್ಷಿ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಕಾವಿ ಮತ್ತು ಉಜ್ಜು. ಸುಡುವ ಮುಂಚೆ ಮಡಕೆಗೆ ಜಾಜಿನ, ಅಂದರೆ ಕಬ್ಬಿಣದ ಅಂಶ ಹೆಚ್ಚಿರುವ ಕೆಮ್ಮಣ್ಣಿನ, ತೆಳು ಲೇಪ ಕೊಡುತ್ತಾರೆ. ಲೇಪ ಅರ್ಧ ಒಣಗಿದಾಗ ನುಣುಪು ಬೆಣಚುಕಲ್ಲಿನಿಂದಲೋ ಗಟ್ಟಿ ಬೀಜದಿಂದಲೋ ಉಜ್ಜುತ್ತಾರೆ. ಉಜ್ಜಿದಾಗ ಮೇಲ್ಪದರದ ಕಣಗಳು ಒತ್ತಾಗಿ ಮಲಗಿ, ಮಿಣುಗುವ ಹೊಳಪು ಬರುತ್ತದೆ, ರಂಧ್ರಗಳು ಕಿರಿದಾಗುತ್ತವೆ. ಗಾಜಿನ ಮೆರುಗಿಗೆ ಬೇಕಾದ ಶಾಖ ಹಳ್ಳಿಯ ಆವಿಗೆಯಲ್ಲಿ ಇಲ್ಲ. ಹುಲ್ಲು, ಬೆರಣಿ, ಸೌದೆ, ಗರಿಗಳ ತೆರೆದ ಆವಿಗೆ ಸಾಮಾನ್ಯವಾಗಿ 600ರಿಂದ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಮೆರುಗಿನ ಕೆಲಸವನ್ನು ಕಲ್ಲು ಮತ್ತು ಮೊಣಕೈ ಮಾಡಬೇಕು. ನೀರಿನ ಹರವಿಗೆ ಉಜ್ಜು ಹಿತಮಿತ. ಮೈ ಪೂರಾ ಮುಚ್ಚಿಹೋದರೆ ನೀರು ಬೆವರುವುದಿಲ್ಲ, ಬೆವರದಿದ್ದರೆ ತಣಿಯುವುದಿಲ್ಲ. ಅಡುಗೆ ಮಡಕೆಯ ಒಳಮೈಗೆ ಉಜ್ಜು ಬೇಕು, ಸಾರು ಸೋರಬಾರದು, ಮುದ್ದೆ ಹಿಡಿಯಬಾರದು. ತಳಕ್ಕೆ ಏನೂ ಬೇಡ, ಅದು ಹೇಗೂ ಮಸಿ ಹಿಡಿಯುವ ಜಾಗ. ದಿನದ ಮಡಕೆಗೆ ಎಲ್ಲಿ ಎಷ್ಟು ಅಲಂಕಾರ ಎಂಬುದನ್ನು ಒಲೆ ಮತ್ತು ನೀರೇ ತೀರ್ಮಾನಿಸಿರುತ್ತವೆ.

ಹೀಗೆ ನೋಡಿದರೆ ಪ್ರಾಚ್ಯವಸ್ತು ಸಂಶೋಧಕರು ನಮಗೆ ತೆಗೆದುಕೊಟ್ಟ ಚೂರುಗಳೂ ಬೇರೆಯಾಗಿ ಕಾಣುತ್ತವೆ. ಕರ್ನಾಟಕದ ನವಶಿಲಾಯುಗದ ಜನ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲೂ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲೂ, ಚಕ್ರವಿಲ್ಲದೆ ಕೈಯಲ್ಲೇ ಬೂದುಬಣ್ಣದ ಮಡಕೆ ಕಟ್ಟಿ, ಚೆನ್ನಾಗಿ ಉಜ್ಜಿ, ಸುಟ್ಟ ಮೇಲೆ ಕೆಲವಕ್ಕೆ ಕಾವಿಯ ಪಟ್ಟೆ ಎಳೆದರು. ಸುಟ್ಟ ಮೇಲೆ ಎಂಬುದನ್ನು ಗಮನಿಸಬೇಕು. ಸುಡುವ ಮುಂಚೆ ಹಚ್ಚಿದ ಬಣ್ಣ ಮಣ್ಣಿನ ಜೊತೆ ಬೆಸೆದುಕೊಳ್ಳುತ್ತದೆ, ಸುಟ್ಟ ಮೇಲೆ ಹಚ್ಚಿದ್ದು ನಾಲ್ಕು ಸಲ ತೊಳೆದರೆ ಹೋಗುತ್ತದೆ. ಹೋಗುವುದೆಂದು ಗೊತ್ತಿದ್ದೂ ಹಚ್ಚಿದರೆಂದರೆ ಆ ಬಣ್ಣ ಬಾಳಬೇಕಾಗಿರಲಿಲ್ಲ. ಇದು ನನ್ನ ಊಹೆ, ಆದರೆ ಇಂದಿನ ಐರಾಣಿಯನ್ನು ನೋಡಿದವರಿಗೆ ದೂರದ ಊಹೆ ಎನ್ನಿಸಲಾರದು.

ಮೋರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು ಅಗೆದಾಗ ಪದರಗಳ ಕ್ರಮ ಸ್ಪಷ್ಟವಾಯಿತು. ನವಶಿಲಾಯುಗದ ಬೂದು ಮಡಕೆಯ ಮೇಲೆ ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು ಕೆಂಪು ಮಡಕೆ, ಅದರ ಮೇಲೆ ಕ್ರಿಸ್ತಶಕದ ಆರಂಭದ ಕೆಂಗಂದು ಲೇಪದ, ಬಿಳಿ ಗೆರೆಗಳ ಪಾತ್ರೆ. ಕಪ್ಪು ಕೆಂಪು ಮಡಕೆಯ ಚೆಲುವು ಪೂರ್ತಿ ಬೆಂಕಿಯದು. ಬಟ್ಟಲನ್ನು ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಒಳಮೈ ಮತ್ತು ಅಂಚು ಹೊಗೆ ಕುಡಿದು ಕಪ್ಪಾಗುತ್ತವೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಎರಡು ಬಾರಿ ಸುಟ್ಟಿರಬೇಕು ಎನ್ನುವವರೂ ಇದ್ದಾರೆ. ಯಾವ ದಾರಿಯಾದರೂ ಕುಂಚ ಮುಟ್ಟದೆ ಎರಡು ಬಣ್ಣ ಬಂದಿದೆ. ಅದೇ ಕಾಲದ ಪಾತ್ರೆಗಳ ಮೇಲೆ ಗೀಚಿದ ಗುರುತುಗಳನ್ನು ಲಿಪಿ ಎಂದು ಓದಲು ಹೊರಟವರ ಉತ್ಸಾಹ ಈ ಬೆಂಕಿಯ ಕೌಶಲದ ಕಡೆ ಅಷ್ಟು ತಿರುಗಲಿಲ್ಲ.

ಕ್ರಿಸ್ತಶಕದ ಆರಂಭದ ಇನ್ನೊಂದು ಚೂರು ಚಂದ್ರವಳ್ಳಿಯಲ್ಲೂ ಪುದುಚೇರಿ ಬಳಿಯ ಅರಿಕಮೇಡಿನಲ್ಲೂ ಸಿಕ್ಕಿದೆ: ತಟ್ಟೆಯ ಒಳತಳದಲ್ಲಿ ಸಾಲು ಸಾಲು ಸಣ್ಣ ಕಚ್ಚುಗಳ ವರ್ತುಲ. ಹಲ್ಲಿರುವ ಪುಟ್ಟ ಗಾಲಿ ಉರುಳಿಸಿ ಮಾಡಿದ್ದು ಎಂದು ಕೆಲವರು, ತಿರುಗುವ ತಟ್ಟೆಗೆ ತೆಳುವಾದ ಪಟ್ಟಿಯೊಂದನ್ನು ತಾಗಿಸಿ ಹಿಡಿದಾಗ ಅದು ಅದುರಿ ಮೂಡಿದ್ದು ಎಂದು ಇನ್ನು ಕೆಲವರು. ಎರಡನೆಯದು ನಿಜವಾದರೆ ವಿದೇಶಿ ವ್ಯಾಪಾರದ ಹೆಮ್ಮೆಯ ಗುರುತಾಗಿ ವಸ್ತುಸಂಗ್ರಹಾಲಯದಲ್ಲಿ ಕೂತಿರುವ ಆ ವಿನ್ಯಾಸ ಕೂಡ ತಿಗರಿಯ ನಡುಕದಿಂದ ಹುಟ್ಟಿದ್ದು.

ಕುಂಚದ ಕೆಲಸ ನೋಡಬೇಕಾದರೆ ಕಛ್‌ಗೆ ಹೋಗಬೇಕು. ರಣದ ಅಂಚಿನ ಖಾವ್ಡಾದಲ್ಲಿ ಕುಂಬಾರರ ಗಂಡಸರು ತಿಗರಿ ತಿರುಗಿಸುತ್ತಾರೆ, ತಟ್ಟುತ್ತಾರೆ. ಒಣಗಿದ ಪಾತ್ರೆ ಹೆಂಗಸರ ಕೈಗೆ ಬರುತ್ತದೆ. ಗೇರು, ಅಂದರೆ ನಮ್ಮ ಜಾಜು, ಮೈಗೆಲ್ಲ ಬಳಿದು, ಅದರ ಮೇಲೆ ಬಿಳಿ ಮತ್ತು ಕಪ್ಪು ಮಣ್ಣಿನ ಬಣ್ಣದಲ್ಲಿ ಗೆರೆ, ಅಲೆ, ಚುಕ್ಕೆ, ಜಾಲರಿ ಎಳೆಯುತ್ತಾರೆ. ಪಾತ್ರೆಯನ್ನು ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಕೈಯ ಕಡ್ಡಿಯ ಕುಂಚವನ್ನು ಅಲ್ಲಾಡದಂತೆ ಹಿಡಿದರೆ ಗೆರೆ ತಾನೇ ಸುತ್ತು ಬಂದು ಸೇರುತ್ತದೆ. ಬಣ್ಣ ಸುಡುವ ಮುಂಚೆಯೇ ಬಿದ್ದಿರುವುದರಿಂದ ತೊಳೆದರೆ ಹೋಗುವುದಿಲ್ಲ. ಇಲ್ಲಿ ದಿನಬಳಕೆಯ ನೀರಿನ ಪಾತ್ರೆಗೂ ಚಿತ್ರವುಂಟು. ನಾನು ಮೊದಲಿಗೆ ಹೇಳಿದ ಮಾತಿಗೆ ಕಛ್ ಒಂದು ಅಪವಾದ, ಅದನ್ನು ಮರೆಮಾಚುವಂತಿಲ್ಲ. ಹತ್ತಿರದ ಮನೆಗಳ ಮಣ್ಣಿನ ಗೋಡೆಯಲ್ಲಿ ಕನ್ನಡಿ ಚೂರು, ಬಟ್ಟೆಯಲ್ಲಿ ಕಸೂತಿ; ಬೋಳು ಮೈಯನ್ನೇ ಒಲ್ಲದ ಆ ಸೀಮೆಯಲ್ಲಿ ಮಡಕೆ ಮಾತ್ರ ಬರಿದಾಗಿ ಉಳಿಯುವುದು ಹೇಗೆ?

ಈ ಗೆರೆಗಳನ್ನು ಕಂಡ ಕೂಡಲೇ ಹರಪ್ಪಾ ಎಂದುಬಿಡುವುದು ಈಗ ವಾಡಿಕೆ. ಧೋಳಾವೀರಾ ಇರುವುದೂ ಕಛ್‌ನಲ್ಲೇ ಆದ್ದರಿಂದ ಮಾತು ಸುಲಭವಾಗಿ ಅಂಟುತ್ತದೆ. ಸಿಂಧೂ ಕಾಲದ ಕೆಂಪು ಮೈ, ಕಪ್ಪು ಗೆರೆ, ಒಂದನ್ನೊಂದು ಕತ್ತರಿಸುವ ವರ್ತುಲ, ಅರಳಿ ಎಲೆಗಳನ್ನು ನೋಡಿದರೆ ಹೋಲಿಕೆ ಇಲ್ಲವೆನ್ನಲಾಗದು. ಆದರೆ ನಡುವೆ ನಾಲ್ಕು ಸಾವಿರ ವರ್ಷ ಬಿದ್ದಿದೆ, ಅದಕ್ಕೆ ಕೊಂಡಿಯಾಗುವ ಚೂರುಗಳ ಸರಣಿ ಕೈಯಲ್ಲಿರಬೇಕು. ತಿರುಗುವ ದುಂಡು ಮೈ ಮೇಲೆ ಕುಂಚ ಇಟ್ಟರೆ ಯಾವ ದೇಶದಲ್ಲಾದರೂ ಮೊದಲು ಬರುವುದು ಪಟ್ಟೆ, ಆಮೇಲೆ ಅಲೆ, ಆಮೇಲೆ ಎರಡು ಪಟ್ಟೆಯ ನಡುವಿನ ಅಡ್ಡಗೀರು. ಇಷ್ಟಕ್ಕೆ ಪೂರ್ವಜರ ನೆನಪು ಬೇಕಿಲ್ಲ. ಪ್ರವಾಸೋದ್ಯಮದ ಕರಪತ್ರಕ್ಕೆ ಹರಪ್ಪಾ ಒಳ್ಳೆಯ ಹೆಸರು. ಇಂದು ಗೆರೆ ಎಳೆಯುತ್ತಿರುವ ಹೆಂಗಸಿನ ಕೈಚಳಕವನ್ನು ಸತ್ತ ನಗರವೊಂದರ ಖಾತೆಗೆ ಜಮಾ ಮಾಡುವುದು ಮಾತ್ರ ನ್ಯಾಯವಲ್ಲ.

ಹೆಂಗಸರ ಮಾತು ಬಂದದ್ದರಿಂದ ಒಂದು ಸಂಗತಿ. ಉಪಖಂಡದ ಬಹಳಷ್ಟು ಕುಂಬಾರ ಸಮುದಾಯಗಳಲ್ಲಿ ಹೆಣ್ಣು ತಿಗರಿ ಮುಟ್ಟಬಾರದೆಂಬ ಕಟ್ಟಿತ್ತು. ಮಣ್ಣು ತುಳಿಯುವುದು, ಕಾವಿ ಬಳಿಯುವುದು, ಉಜ್ಜುವುದು, ಚಿತ್ರ ಬರೆಯುವುದು, ಸಂತೆಯಲ್ಲಿ ಮಾರುವುದು ಅವಳ ಪಾಲು. ಅಂದರೆ ಈ ಲೇಖನದ ವಿಷಯವಾದ ಅಲಂಕಾರದ ದೊಡ್ಡ ಪಾಲು ಅವಳದು, ಕುಂಬಾರ ಎಂಬ ಹೆಸರು ಮಾತ್ರ ತಿಗರಿಯ ಹಿಂದೆ ಕೂತವನದು. ತಿಗರಿಯೇ ಇಲ್ಲದ ಮಣಿಪುರದ ಆಂಡ್ರೋದಲ್ಲಿ ಈ ತೊಡಕಿಲ್ಲ. ಅಲ್ಲಿ ಮೊದಲಿನಿಂದ ಕೊನೆಯವರೆಗೆ ಕುಂಬಾರಿಕೆ ಹೆಂಗಸರದೇ.

ಮಣಿಪುರದ್ದೇ ಲೋಂಗ್‌ಪಿಯ ಕಪ್ಪು ಪಾತ್ರೆ ಬೇರೆ ಬಗೆ. ಅಲ್ಲಿನ ತಂಗ್‌ಖುಲ್ ನಾಗಾ ಜನ ಒಂದು ಬಗೆಯ ಕಲ್ಲನ್ನು ಪುಡಿಮಾಡಿ ಮಣ್ಣಿಗೆ ಬೆರೆಸಿ, ತಿಗರಿಯಿಲ್ಲದೆ ಕೈಯಲ್ಲಿ ರೂಪ ಕೊಟ್ಟು, ಸುಟ್ಟ ಪಾತ್ರೆ ಇನ್ನೂ ಬಿಸಿಯಿರುವಾಗಲೇ ಎಲೆಯಿಂದ ತಿಕ್ಕಿ ಹೊಳಪು ತರುತ್ತಾರೆ. ಚಿತ್ರವಿಲ್ಲ, ಕೆತ್ತನೆ ಅಪರೂಪ. ನೋಡಿದವರು ಮೊದಲು ಹೊಗಳುವುದು ಬಣ್ಣವನ್ನೇ. ಉತ್ತರಪ್ರದೇಶದ ಆಜಂಗಢ ಜಿಲ್ಲೆಯ ನಿಜಾಮಾಬಾದಿನ ಕಪ್ಪು ಪಾತ್ರೆಯಲ್ಲಿ ಇದಕ್ಕೆ ವಿರುದ್ಧ. ಒಣಗಿದ ಮೈಗೆ ಮೊನಚು ಕಡ್ಡಿಯಲ್ಲಿ ಬಳ್ಳಿ ಹೂವು ಕೆತ್ತಿ, ಗಾಳಿಯಾಡದಂತೆ ಮುಚ್ಚಿದ ಬೆಂಕಿಯ ಹೊಗೆಯಲ್ಲಿ ಕಪ್ಪಗೆ ಸುಟ್ಟು, ಕೆತ್ತಿದ ಗೆರೆಗಳಲ್ಲಿ ಪಾದರಸ, ಸತುವಿನಂಥ ಲೋಹಗಳ ಬೆಳ್ಳಿಬಣ್ಣದ ಪುಡಿ ತುಂಬುತ್ತಾರೆ. ನಮ್ಮ ಕಣ್ಣಿಗೆ ತಟ್ಟನೆ ಬೀದರಿನ ಬಿದರಿ ಕೆಲಸ ನೆನಪಾಗುತ್ತದೆ, ಕಪ್ಪಿನ ಮೇಲೆ ಬೆಳ್ಳಿ. 2015ರಲ್ಲಿ ಭೌಗೋಳಿಕ ಗುರುತು ಪಡೆದ ಈ ಪಾತ್ರೆ ಹುಟ್ಟಿನಿಂದಲೂ ಸಿರಿವಂತರ ಷೋಕಿಯದು. ಹಳ್ಳಿಯಲ್ಲಿ ತಯಾರಾದರೂ ಹಳ್ಳಿಗಾಗಿ ತಯಾರಾದದ್ದಲ್ಲ. ಬಾಳಿಕೆ ಬೇಡುವ ಕುಸುರಿ ಮಣ್ಣಿಗೆ ಬಂದದ್ದು ಇಂಥ ಗಿರಾಕಿಗಳಿಂದ.

ಬಂಗಾಳದ ಬಾಂಕುಡಾ ಜಿಲ್ಲೆಯ ಪಾಂಚಮುಡಾದ ಕುದುರೆ ಹಳ್ಳಿಯಿಂದ ಪಟ್ಟಣಕ್ಕೆ ಹೋದದ್ದರ ಉದಾಹರಣೆ. ಕಾಲು, ಕೊರಳು, ಮುಂಡ ಬೇರೆ ಬೇರೆಯಾಗಿ ತಿಗರಿಯಲ್ಲೇ ಎದ್ದು, ಆಮೇಲೆ ಕೂಡಿಕೊಳ್ಳುತ್ತವೆ. ಎಲೆಯಂಥ ಕಿವಿ, ಬಾಲ ಬೇರೆಯಾಗಿ ಸೇರುತ್ತವೆ. ಆವಿಗೆಯ ಹೊಗೆಗಿಂಡಿಗಳನ್ನು ತೆರೆದಿಟ್ಟರೆ ಕೆಂಪು ಕುದುರೆ, ಮುಚ್ಚಿದರೆ ಕಪ್ಪು. ಧರ್ಮಠಾಕುರ, ಮನಸಾ ಮುಂತಾದ ಗ್ರಾಮದೇವತೆಗಳ ಮುಂದೆ ಹರಕೆಯಾಗಿ ಇಟ್ಟು ಬರುತ್ತಿದ್ದ ಈ ಪ್ರಾಣಿ ಕರಕುಶಲ ಮಳಿಗೆಗಳ ಲಾಂಛನವಾಗಿ ಮನೆಯ ಬೈಠಕ್ಕು ಸೇರಿತು. ಬಿಸಿಲು ಮಳೆಯಲ್ಲಿ ಸವೆಯುವುದು ಅದರ ಮೊದಲಿನ ಕರ್ತವ್ಯವಾಗಿತ್ತು, ಧೂಳು ಒರೆಸಿಕೊಂಡು ನಿಲ್ಲುವುದು ಈಗಿನದು.

ಹರಕೆಯ ಮಣ್ಣು ಎಲ್ಲಿ ಹೋದರೂ ಇದೇ ಕಥೆ ಹೇಳುತ್ತದೆ. ಪುದುಕ್ಕೋಟೈ, ಶಿವಗಂಗೆ, ಮದುರೈ ಸೀಮೆಯಲ್ಲಿ ವೇಳಾರ್ ಕುಂಬಾರರು ಅಯ್ಯನಾರ್ ದೇವರಿಗೆ ಮಾಡುವ ಕುದುರೆಗಳು ಆಳೆತ್ತರವನ್ನೂ ಮೀರುತ್ತವೆ. ಕೊರಳಿಗೆ ಗೆಜ್ಜೆ, ಎದೆಗೆ ಹಾರ, ಜೀನು, ಲಗಾಮು ಎಲ್ಲವೂ ಮಣ್ಣಿನಲ್ಲೇ ಅಂಟಿಸಿದ್ದು. ಸುಟ್ಟ ಮೇಲೆ ಬಣ್ಣ. ಜಾತ್ರೆಯ ದಿನ ಹೊತ್ತು ತಂದು ಊರಾಚೆಯ ತೋಪಿನಲ್ಲಿ ಹಿಂದಿನ ವರ್ಷಗಳ ಕುದುರೆಗಳ ಪಕ್ಕ ನಿಲ್ಲಿಸುತ್ತಾರೆ. ಹಳೆಯದನ್ನು ದುರಸ್ತಿ ಮಾಡುವ ಗೋಜಿಲ್ಲ, ಅದು ಕುಸಿಯುತ್ತದೆ, ಗೆದ್ದಲು ಹಿಡಿಯುತ್ತದೆ, ಹೊಸದು ಬರುತ್ತದೆ. ರಾಜಸ್ಥಾನದ ನಾಥದ್ವಾರದ ಬಳಿಯ ಮೊಲೇಲಾದಲ್ಲಿ ದೇವನಾರಾಯಣ, ನಾಗದೇವರ ಉಬ್ಬು ಫಲಕಗಳು. ದೂರದ ಹಳ್ಳಿಗಳ ಭಕ್ತರು ತಮ್ಮ ಪೂಜಾರಿಯೊಡನೆ ಬಂದು ಕೊಂಡುಹೋಗಿ ಊರ ದೇವರ ಕಟ್ಟೆಯ ಮೇಲೆ ಇಡುತ್ತಾರೆ. ನಮ್ಮಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಡ ಗ್ರಾಮದ ಸುರ್ಯ ಸದಾಶಿವರುದ್ರ ದೇವಸ್ಥಾನ. ಮನೆ ಬೇಕಾದವರು ಮಣ್ಣಿನ ಮನೆ, ಮಗು ಬೇಕಾದವರು ಮಣ್ಣಿನ ಮಗು, ಈಚೆಗೆ ವಾಹನ, ಕಂಪ್ಯೂಟರ್ ಕೂಡ ಒಪ್ಪಿಸುತ್ತಾರೆ. ಅವೆಲ್ಲ ಹರಕೆಯ ಬನ ಸೇರಿ ರಾಶಿಯಾಗುತ್ತವೆ. ಅಲ್ಲಿ ಕುಂಬಾರನ ಕಲೆಗೆ ಹೊಸ ವಿಷಯಗಳು ಬರುತ್ತಿರುವುದು ಸರ್ಕಾರದ ತರಬೇತಿ ಶಿಬಿರದಿಂದಲ್ಲ, ಭಕ್ತರ ಬಯಕೆಯ ಪಟ್ಟಿಯಿಂದ.

ಸುಡದ ಮಣ್ಣಿಗೆ ಬಂದರೆ ಸಿಂಗಾರ ಇನ್ನೂ ಏರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಮನೆಮನೆಗೆ ಕೊಡುವ ಎತ್ತುಗಳು ಹಸಿಮಣ್ಣಿನವು. ಆಷಾಢದ ಮಂಗಳವಾರಗಳ ಗುಳ್ಳವ್ವನೂ ಹಸಿಮಣ್ಣಿನವಳೇ. ಗುಲಗಂಜಿ, ಕಾಳು, ಹೂವು ಒತ್ತಿ ಹೆಣ್ಣುಮಕ್ಕಳು ಅವಳನ್ನು ಸಿಂಗರಿಸುತ್ತಾರೆ. ಪೂಜೆಯಾದ ಮೇಲೆ ನೀರಿಗೆ. ಬೆಂಗಳೂರು ಕರಗದಲ್ಲಿ ಸಂಪಂಗಿ ಕೆರೆಯ ಮಣ್ಣಿನ ಹಸಿ ಕರಗದ ಘಟ್ಟವೇ ಒಂದಿದೆ. ಸುಟ್ಟ ಮಣ್ಣು ನೀರಿನಲ್ಲಿ ಕರಗದು, ಹಸಿ ಮಣ್ಣು ಬಂದಲ್ಲಿಗೇ ಮರಳುತ್ತದೆ. ಸಾವಿನ ಮನೆಯ ಗಡಿಗೆಗೆ ಬಂದರೆ ಮತ್ತೆ ಏನೂ ಇಲ್ಲ. ಅದಕ್ಕೆ ಗೆರೆಯೂ ಇಲ್ಲ, ಸುಣ್ಣವೂ ಇಲ್ಲ, ತೂತು ಬೀಳುವುದು ಮಾತ್ರ.

ಬೇಗ ಒಡೆಯುವುದಕ್ಕೆ ಹೆಚ್ಚು ಚಿತ್ತಾರ ಎಂಬ ನನ್ನ ಮಾತನ್ನು ಈ ಗಡಿಗೆ ಸ್ವಲ್ಪ ತಿದ್ದುತ್ತದೆ. ಪುರಿಯ ಜಗನ್ನಾಥನ ಅಡುಗೆಮನೆ ಇನ್ನಷ್ಟು ತಿದ್ದುತ್ತದೆ. ಅಲ್ಲಿ ಮಹಾಪ್ರಸಾದ ಬೇಯುವುದು ಒಂದರ ಮೇಲೊಂದು ಏರಿಸಿದ ಕುಡುಆ ಎಂಬ ಮಣ್ಣಿನ ಮಡಕೆಗಳಲ್ಲಿ, ಒಂದು ಸಲ ಬಳಸಿದ್ದನ್ನು ಮತ್ತೆ ಒಲೆಗೆ ಏರಿಸುವಂತಿಲ್ಲ. ಲೂಯಿಸ್ ಕಾರ್ಟ್ ಮತ್ತು ಪೂರ್ಣಚಂದ್ರ ಮಿಶ್ರ 2012ರಲ್ಲಿ ಪುರಿಯ ದೇವಸ್ಥಾನದ ಕುಂಬಾರರ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದಿದ್ದಾರೆ. ಈ ಮಡಕೆಗಳು ಒಂದೇ ದಿನದ ಆಯುಷ್ಯದವು, ದೇವರವು, ಆದರೂ ಬೋಳು. ಆಯುಷ್ಯ ಒಂದೇ ಅಳತೆಗೋಲಾಗಿದ್ದರೆ ಇವು ಬಣ್ಣದಲ್ಲಿ ಮುಳುಗಿರಬೇಕಿತ್ತು. ಹಾಗಾಗಿ ಸೂತ್ರವನ್ನು ಹೀಗೆ ಬಿಗಿ ಮಾಡಬಹುದು: ಮಡಕೆ ಏನನ್ನಾದರೂ ಹೊತ್ತು ತರುವಾಗ, ಬೇಯಿಸುವಾಗ, ಬಡಿಸುವಾಗ ಅಲಂಕಾರ ಇಳಿಯುತ್ತದೆ. ಮಡಕೆ ತಾನೇ ಬಂದು ಕೂರುವಾಗ, ಅತಿಥಿಯಾಗಿ, ವಧುವಾಗಿ, ದೇವರಾಗಿ, ಆಗ ಅಲಂಕಾರ ಏರುತ್ತದೆ. ಐರಾಣಿಯನ್ನು ವಾದ್ಯದೊಂದಿಗೆ ಕರೆತರುವುದು ಅದರೊಳಗಿನ ಪದಾರ್ಥಕ್ಕಲ್ಲವಲ್ಲ. ಪುರಿಯ ಕುಡುಆ ದೇವರ ಮನೆಯದಾದರೂ ದುಡಿಮೆಯ ಪಾತ್ರೆ, ದಿನವೂ ಸಾಲುಗಟ್ಟಲೆ ಬೇಕು, ಕುಂಬಾರನಿಗೆ ಉಜ್ಜಲು ಪುರುಸೊತ್ತೂ ಇಲ್ಲ. ಮಣ್ಣಿನ ಪಾತ್ರೆಗೆ ಮೈಲಿಗೆಯಾದರೆ ತೊಳೆದು ಶುದ್ಧ ಮಾಡಲಾಗದು, ಬಿಸಾಡಬೇಕು ಎಂಬ ನಮ್ಮ ಮಡಿಯ ನಿಯಮ ಇದರ ಹಿಂದಿದೆ. ಗ್ರಹಣ, ಸೂತಕ, ಹಬ್ಬ ಬಂದಾಗಲೆಲ್ಲ ಅಡುಗೆ ಮಡಕೆ ಹೊರಬೀಳುತ್ತಿದ್ದ ಮನೆಯಲ್ಲಿ ಅದಕ್ಕೆ ಚಿತ್ರ ಬರೆಸುವವರು ಯಾರು? ಆ ನಿಯಮ ಕುಂಬಾರನ ಹೊಟ್ಟೆ ತುಂಬಿಸಿತು, ಕುಂಚಕ್ಕೆ ಕೆಲಸ ಕೊಡಲಿಲ್ಲ.

ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡ ಬಂದ ಮೇಲೆ ದುಡಿಯುವ ಮಡಕೆ ಮೊದಲು ಹೋಯಿತು. ಉಳಿದದ್ದು ಕೂರುವ ಮಡಕೆ: ಮದುವೆಯದು, ಹಬ್ಬದ್ದು, ದೀಪದ್ದು, ಗಣಪ. ಮೇಲೆ ಹೇಳಿದ ಎರಡು ಜಾತಿಗಳಲ್ಲಿ ಹಲಗೆ, ಬೆರಳು, ಬೆಣಚುಕಲ್ಲಿನ ಅಲಂಕಾರ ಬರುವುದು ದುಡಿಯುವ ಮಡಕೆಯ ಜೊತೆಗೆ. ಅದಕ್ಕೆ ಕೊಳ್ಳುವವರಿಲ್ಲವೆಂದರೆ ತಟ್ಟುವ ವಿದ್ಯೆಯೂ ನಿಲ್ಲುತ್ತದೆ. ಈಗಾಗಲೇ ಅನೇಕ ಕಡೆ ತಿಗರಿಯಿಂದ ನೇರ ಇಳಿಸಿದ, ಚಪ್ಪಟೆ ತಳದ ಹೂಕುಂಡ, ಲೋಟ, ಹಣತೆಗಳೇ ಹೆಚ್ಚು. ಇವಕ್ಕೆ ಹಲಗೆ ಬೇಡ. ಕರಕುಶಲ ಮೇಳಗಳಲ್ಲಿ ಇವುಗಳ ಮೇಲೆ ವಾರ್ಲಿ ಗೊಂಬೆಗಳು, ಬಂಗಾರದ ಬಣ್ಣದ ಬಳ್ಳಿ, ಅಕ್ರಿಲಿಕ್ ನವಿಲು. ವಾರ್ಲಿ ಮಹಾರಾಷ್ಟ್ರದ ಆದಿವಾಸಿಗಳ ಗೋಡೆಯ ಚಿತ್ರ; ರಾಮನಗರದಲ್ಲೋ ಖಾನಾಪುರದಲ್ಲೋ ಮಾಡಿದ ಮಡಕೆಯ ಮೇಲೆ ಅದು ಏಕೆ ಕುಣಿಯಬೇಕೆಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಎನಾಮಲ್ ಬಣ್ಣ ಬಳಿದ ನೀರಿನ ಮಡಕೆಯನ್ನಂತೂ ಕಂಡರೆ ನಗು ಬರುತ್ತದೆ. ಬೆವರಿ ತಣಿಸಬೇಕಾದ ಮೈಗೆ ರೇನ್‌ಕೋಟು ಹಾಕಿ ಬೇಸಿಗೆಗೆ ಮಾರುತ್ತಾರೆ.

ಹಾಗೆಂದು ಕಾವಿ ಸುಣ್ಣವೇ ಶ್ರೇಷ್ಠ, ಎನಾಮಲ್ ಅಪಚಾರ ಎನ್ನುವವರ ಸಾಲಿಗೆ ನಾನು ಸೇರಲಾರೆ. ಅಯ್ಯನಾರನ ಕುದುರೆಗೆ ಪೇಟೆಯ ಬಣ್ಣ ಬಂದದ್ದು ಅದು ಹೆಚ್ಚು ಕೆಂಪಗೆ, ಹೆಚ್ಚು ನೀಲಿಯಾಗಿ ಕಾಣುತ್ತದೆಂಬ ಕಾರಣಕ್ಕೆ. ಮೊದಲು ಸಿಕ್ಕಿದ್ದರೆ ಮುತ್ತಜ್ಜನೂ ಬಳಿಯುತ್ತಿದ್ದ. ಸಿಂಗಾರದ ಮಡಕೆಗೆ ಯಾವ ಬಣ್ಣವಾದರೂ ಸೈ, ಆ ಬಣ್ಣ ತನ್ನ ಜೊತೆ ನೀರಿಗಿಳಿಯದಿದ್ದರೆ ಸಾಕು. ಕೆರೆಗೆ ಬಿಡುವ ಮೂರ್ತಿಗೆ ರಾಸಾಯನಿಕ ಬಣ್ಣ ಬೇಡವೆಂಬ ವಾದದಲ್ಲಿ ಸೌಂದರ್ಯದ ಮಾತಿಲ್ಲ, ಮೀನಿನ ಮಾತಿದೆ.

ಸರ್ಕಾರದ ನೆರವು ಹೆಚ್ಚಾಗಿ ಹೋಗಿರುವುದು ತಿಗರಿಗೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಶುರುಮಾಡಿದ ಕುಂಬಾರ ಸಶಕ್ತೀಕರಣ ಯೋಜನೆಯಲ್ಲಿ ವಿದ್ಯುತ್ ತಿಗರಿ, ಮಣ್ಣು ಕಲೆಸುವ ಯಂತ್ರ ಹಂಚಿದರು. ಬೆನ್ನು ಬಾಗಿಸಿ ಕೋಲಿನಿಂದ ತಿಗರಿ ತಿರುಗಿಸಿದವರಿಗೆ ಅದು ದೊಡ್ಡ ಬಿಡುಗಡೆಯೇ. ಹೆಣ್ಣು ತಿಗರಿ ಮುಟ್ಟಬಾರದೆಂಬ ಕಟ್ಟನ್ನು ಸ್ವಿಚ್ಚು ಸಡಿಲಿಸುವುದೂ ಸಾಧ್ಯ, ಅದು ಸಣ್ಣ ಲಾಭವಲ್ಲ. ಆದರೆ ತಿಗರಿಯ ಮೇಲೆ ಒಂದು ಗಡಿಗೆಯ ಬಾಯಿ ಏಳಲು ಬೇಕಾಗುವುದು ಕೆಲವೇ ನಿಮಿಷ, ಅಲ್ಲಿ ಉಳಿಸುವುದು ಎಷ್ಟು? ಹೊತ್ತು ಹೋಗುವುದು ಆಮೇಲೆ: ನೆರಳಲ್ಲಿ ಬಿಗಿಯಾಗಲು ಕಾಯುವುದು, ಎರಡು ಮೂರು ಸುತ್ತು ತಟ್ಟುವುದು, ಕಾವಿ ಬಳಿದು ಹದ ನೋಡಿ ಉಜ್ಜುವುದು, ಗೆರೆ ಎಳೆಯುವುದು, ಮಳೆಗಾಲದಲ್ಲಿ ಒಣಗದ ಸಾಲನ್ನು ಒಳಗೆ ಹೊರಗೆ ಸಾಗಿಸುವುದು. ಈ ಹೊತ್ತಿಗೆ ಯಂತ್ರ ಬಂದಿಲ್ಲ, ಕೂಲಿಯೂ ಬಂದಿಲ್ಲ. ಮಡಕೆಯ ಬೆಲೆ ಕಟ್ಟುವಾಗ ಮಣ್ಣಿನ ಗಾಡಿ, ಸೌದೆ, ತಿಗರಿಯ ಮುಂದೆ ಕೂತವನ ದಿನಗೂಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಜಗುಲಿಯಲ್ಲಿ ಬೆಣಚುಕಲ್ಲು ಹಿಡಿದು ಕೂತವಳ ಮಧ್ಯಾಹ್ನವನ್ನು ಹಿಡಿಯುವುದಿಲ್ಲ.